ಹೊದಿಸಿದ ಕೈಯೇ ತೆಗೆಯಬೇಕು

ಬಹಳ ಬಹಳ ಹಿಂದೆ, ಬೆಟ್ಟಗಳು ಕೂಡ ಚಳಿ ತಡೆಯಲಾರದೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದ ಕಾಲದಲ್ಲಿ, ಬೆಳ್ಮಂಜು ಎಂಬ ಒಂದು ರಾಜ್ಯವಿತ್ತು. ಅದು ಏಳು ಬೆಟ್ಟಗಳ ಆಚೆಗಿತ್ತು ಎಂದು ಬೇರೆಯವರು ಹೇಳುತ್ತಾರೆ. ನಾನು ಹೋಗಿ ನೋಡಿ ಬಂದವನು, ಎಂಟನೆಯದೂ ಒಂದಿದೆ. ಹತ್ತುವಾಗ ಮೊಣಕಾಲಿಗೆ ಗೊತ್ತಾಗುತ್ತದೆ.

ಆ ರಾಜ್ಯದ ಚಳಿಯನ್ನು ಏನೆಂದು ಹೇಳಲಿ. ಕೋಳಿ ತನ್ನ ಮೊಟ್ಟೆಗಳ ಮೇಲಿಂದ ಎದ್ದು ಕಾಳು ಹೆಕ್ಕಲು ಹೋದರೆ, ಪಕ್ಕದ ಮನೆಯ ಬೆಕ್ಕು ಬಂದು ಆ ಬಿಸಿ ಜಾಗದಲ್ಲಿ ಕೂತುಬಿಡುತ್ತಿತ್ತು. ಬೆಕ್ಕಿನ ಕಾವಿಗೆ ಒಡೆದ ಮರಿಗಳು ಮುಂದೆ ಹಾಲಿನ ಪಾತ್ರೆಗೆ ಬಾಯಿ ಹಾಕುತ್ತಿದ್ದವು. ಇದರಲ್ಲಿ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

ಅಂಥ ನಾಡಿನಲ್ಲಿ ಕೂಸು ಹುಟ್ಟಿದ ಮನೆಗೆ ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯನ್ನೋ, ಕುರಿಯುಣ್ಣೆಯ ಕಂಬಳಿಯನ್ನೋ ಒಯ್ಯಬೇಕು. ತೊಟ್ಟಿಲ ಹತ್ತಿರ ನಿಂತು, “ಅಯ್ಯೋ ಪಾಪ, ಕೂಸಿಗೆ ಚಳಿ” ಎನ್ನಬೇಕು. ಎಂದು, ತನ್ನ ಕೈಯಾರೆ ಹೊದಿಸಬೇಕು. ಹೊದಿಸದೆ ಬಂದವರನ್ನು ಊರು ಅವರ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಿತ್ತು. ಹೀಗೆ ಬಂದವರೆಲ್ಲ ಹೊದಿಸಿ ಹೊದಿಸಿ, ಕೂಸು ಅಡಿಯಲ್ಲಿ ಬೆವರಿ, ಕೆಂಪಾಗಿ, ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ಅತ್ತರೆ ಜನ, “ನೋಡಿ, ಚಳಿಗೆ ಹೇಗೆ ಅಳುತ್ತಿದೆ” ಎಂದು ಇನ್ನೊಂದು ಹೊದಿಸುತ್ತಿದ್ದರು.

ಆ ನೆಲಕ್ಕೆ ಇನ್ನೊಂದು ಗುಣವಿತ್ತು. ಒಬ್ಬರ ಮೇಲೆ ಹೊದಿಸಿದ್ದನ್ನು ಹೊದಿಸಿದ ಕೈಯೇ ತೆಗೆಯಬೇಕು. ಬೇರೆ ಕೈ ಹಿಡಿದು ಎಳೆದರೆ ಅದು ಅಲುಗುವುದಿಲ್ಲ. ಕತ್ತರಿ ಹಾಕಿದರೆ ಕತ್ತರಿ ಮೊಂಡಾಗುತ್ತದೆ. ಮಗುವನ್ನೇ ಅಡಿಯಿಂದ ಎತ್ತಿಕೊಂಡರೆ ಹೊದಿಕೆಯೂ ಮೈಗಂಟಿಕೊಂಡು ಜೊತೆಗೇ ಬರುತ್ತದೆ. ಅದಕ್ಕೇ ಬೆಳಗಾದರೆ ಊರಿನ ಅಜ್ಜಿಯರು ಮನೆ ಮನೆಗೆ ಹೋಗಿ ತಂತಮ್ಮ ಕೌದಿಗಳನ್ನು ತಾವೇ ತೆಗೆದು, ಕೊಡವಿ, ಮತ್ತೆ ಹೊದಿಸಿ ಬರುತ್ತಿದ್ದರು. ಕೂಸಿಗೆ ಉಸಿರು ಬಿಡಲು ಸಿಗುತ್ತಿದ್ದ ಹೊತ್ತು ಅದೊಂದೇ.

ಹೀಗಿರುವಾಗ ಒಂದು ದಿನ ಊರಿಗೆ ಒಬ್ಬ ಮುದುಕ ಬಂದ. ಅವನ ಹೆಸರು ಕುಳಿರ್ಗಣ್ಣ. ಬೆಟ್ಟದ ಗವಿಯಲ್ಲಿದ್ದ ಮಾಂತ್ರಿಕ. ಆದರೆ ಅವನೇನು ಹಾಗೆಂದು ಬಾಗಿಲಲ್ಲಿ ನಿಂತು ಹೇಳಲಿಲ್ಲ. ಹೆಗಲ ಮೇಲೆ ಇಲಿಬಣ್ಣದ ಕಂಬಳಿಗಳ ಹೊರೆ ಹೊತ್ತಿದ್ದ.

“ತಾಯಂದಿರೇ, ನನ್ನ ಕಂಬಳಿ ಹೊದ್ದ ಕೂಸು ಅಳುವುದಿಲ್ಲ. ಬೆಲೆಯೇನೂ ಬೇಡ. ನನ್ನ ಕೈಯಿಂದ ಹೊದಿಸಲು ಬಿಟ್ಟರೆ ಸಾಕು.”

ಬಿಟ್ಟರು. ಬೆಳ್ಮಂಜಿನವರು ಹೊದಿಸಲು ಬಂದವರನ್ನು ಯಾವತ್ತಾದರೂ ತಡೆದಿದ್ದರೇ? ಅವನು ಮನೆ ಮನೆ ಹೊಕ್ಕು, “ಅಯ್ಯೋ ಪಾಪ” ಎಂದು ಎಲ್ಲರಿಗಿಂತ ಚೆನ್ನಾಗಿ ಹೇಳಿ, ಹೊದಿಸಿ ಹೋದ. ಅಳುತ್ತಿದ್ದ ಕೂಸುಗಳೆಲ್ಲ ಸುಮ್ಮನಾದವು. ಅರಮನೆಯ ತೊಟ್ಟಿಲೂ ಸುಮ್ಮನಾಯಿತು. ಊರಿಗೆ ಊರೇ ಕಾಲು ಚಾಚಿ ನಿದ್ದೆ ಮಾಡಿತು. ಮುದುಕನನ್ನು ಹೊಗಳಿ ಹಾಡು ಕಟ್ಟಿದರು. ರಾಗ ಚೆನ್ನಾಗಿರಲಿಲ್ಲ, ಬಿಡಿ.

ಕೋಟೆಯ ಪಕ್ಕದ ಕೇರಿಯಲ್ಲಿ ನೀಲವ್ವ ಎಂಬ ಬಾಣಂತಿ ಇದ್ದಳು. ಗಂಡ ಉಪ್ಪಿನ ಗಾಡಿ ಹೊಡೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಅವಳು, ಇನ್ನೂ ಹೆಸರಿಡದ ಅವಳ ಹೆಣ್ಣುಕೂಸು, ಮತ್ತು ಬಾಣಂತನಕ್ಕೆ ನೆರವಾಗಲು ಬಂದು ಬಾಣಂತಿಗಿಂತ ಹೆಚ್ಚು ತುಪ್ಪ ತಿನ್ನುತ್ತಿದ್ದ ಅವಳ ತಮ್ಮ ಹಂಪಣ್ಣ. ಈ ಹಂಪಣ್ಣನಷ್ಟು ಸುಳ್ಳು ಹೇಳುವವನು ರಾಜ್ಯದಲ್ಲೇ ಇರಲಿಲ್ಲ. ಮೋಡದ ಮೇಲೆ ಹುರುಳಿ ಬಿತ್ತಿ ಬಂದಿದ್ದೇನೆ ಎಂದು ಹೇಳಿ ಇಡೀ ಕೇರಿಯನ್ನು ಬುಟ್ಟಿ ಹಿಡಿದು ಅಂಗಳದಲ್ಲಿ ನಿಲ್ಲಿಸಿದ್ದವನು.

ಒಂದು ಬೆಳಿಗ್ಗೆ ನೀಲವ್ವ ಅವನನ್ನು ತೊಟ್ಟಿಲ ಬಳಿ ಕರೆದಳು.

“ಹಂಪ, ಕೂಸು ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ ಕಣೋ.”

“ಒಳ್ಳೆಯದೇ ಆಯ್ತಲ್ಲ ಅಕ್ಕಾ. ಊರಿನ ಕೂಸುಗಳೆಲ್ಲ ಹಾಗೇ ಮಲಗಿವೆ.”

“ಹಾಲಿಗೂ ಎದ್ದಿಲ್ಲ. ಎದೆ ಕಲ್ಲಾಗಿ ಕೂತಿದೆ ನಂಗೆ. ಮುಖ ನೋಡು ಅದರದ್ದು.”

ಹಂಪಣ್ಣ ಬಗ್ಗಿ ನೋಡಿದ. ಇಲಿಬಣ್ಣದ ಕಂಬಳಿಯ ಮೇಲೆ ಕೂಸಿನ ಮುಖವಷ್ಟೇ ಕಾಣುತ್ತಿತ್ತು. ಅದು ಕಾದ ಹಂಚಿನ ಹಾಗೆ ಕೆಂಪಾಗಿತ್ತು. ತುಟಿ ಒಣಗಿತ್ತು. ಉಸಿರು ಇತ್ತು, ಆದರೆ ಇದೆಯೋ ಇಲ್ಲವೋ ಎಂದು ಕಿವಿಯಿಟ್ಟು ಕೇಳಬೇಕಾಗಿತ್ತು. ಅವನು ಕಂಬಳಿ ಹಿಡಿದು ಎಳೆದ. ಅದು ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದ. ಗೋಡೆಯ ಮಣ್ಣು ಉದುರಿತು.

ಅಷ್ಟರಲ್ಲಿ ಪಕ್ಕದ ಮನೆಯ ಸಾತಜ್ಜಿ ಒಳಗೆ ಬಂದಳು. ಊರಿನಲ್ಲಿ ಅವಳು ಹೊದಿಸದ ಕೂಸಿಲ್ಲ. ಕಂಬಳಿಯೊಳಕ್ಕೆ ಕೈ ತೂರಿಸಿ ಕೂಸಿನ ಪಾದ ಮುಟ್ಟಿದಳು.

“ಕಾಲು ತಣ್ಣಗಿದೆಯಲ್ಲೇ ನೀಲವ್ವ. ನಿನ್ನ ಕಣ್ಣೆಲ್ಲಿದೆ?” ಎಂದು ತನ್ನ ಕೌದಿಯೊಂದನ್ನು ಹೊದಿಸಿ ಹೋದಳು. ನೀಲವ್ವ ತಡೆಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ನೀಲವ್ವ ಅಳಲಿಲ್ಲ. ತಮ್ಮನ ಮುಖ ನೋಡಿ, “ಇವತ್ತು ಹೊತ್ತು ಮುಳುಗುವಷ್ಟರಲ್ಲಿ ಅದರ ಬಾಯಿಗೆ ಹಾಲು ಹೋಗದಿದ್ದರೆ ನನ್ನ ಕೂಸು ನನಗೆ ದಕ್ಕೋದಿಲ್ಲ. ಆ ಮುದುಕನನ್ನು ಹುಡುಕಿ ಕರೆದುಕೊಂಡು ಬಾ. ಅವನೇ ಬಂದು ತೆಗೀಬೇಕು” ಎಂದಳು.

ಹಂಪಣ್ಣ ಮೊದಲು ಅರಮನೆಗೆ ಓಡಿದ. ದೊರೆ ಗುಮ್ಮರಸ ಚೆನ್ನಾಗಿ ನಿದ್ದೆ ಮಾಡಿ ಊದಿದ ಕಣ್ಣುಗಳಿಂದ ಸಿಂಹಾಸನದ ಮೇಲೆ ಕೂತಿದ್ದ.

“ಮಹಾಪ್ರಭು, ಕೂಸುಗಳು ಏಳುತ್ತಿಲ್ಲ.”

“ಏಳದಿದ್ದರೆ ನಿನಗೇನೋ ಕಷ್ಟ? ನನ್ನ ಮಗ ಹುಟ್ಟಿದ ಮೇಲೆ ನಾನು ಕಣ್ಣು ಮುಚ್ಚಿದ್ದೇ ಈಗ.”

“ಹಾಲು ಕುಡಿಯುತ್ತಿಲ್ಲ, ಪ್ರಭು.”

“ಹಸಿವಾದರೆ ಎದ್ದು ಕುಡಿಯುತ್ತಾನೆ. ಹೋಗು ಹಂಪಣ್ಣ, ಮೋಡದ ಮೇಲೆ ನಿನ್ನ ಹುರುಳಿ ಒಣಗುತ್ತಿದೆಯಂತೆ, ನೋಡಿಕೋ.”

ಸಭೆ ನಕ್ಕಿತು. ಸುಳ್ಳುಗಾರನಿಗೆ ನಿಜ ಹೇಳುವುದು ಎಷ್ಟು ತ್ರಾಸದ ಕೆಲಸ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಕತೆ ಇಲ್ಲಿ ಬೇಡ.

ಹಂಪಣ್ಣ ಹೊರಗೆ ಬಂದು ತಲೆಯೆತ್ತಿದ. ಆಗ ಅವನಿಗೊಂದು ವಿಚಿತ್ರ ಕಂಡಿತು. ಪ್ರತಿ ಮನೆಯ ಕಿಟಕಿಯಿಂದಲೂ ಕೂದಲಿಗಿಂತ ಸಣ್ಣನೆಯ ಒಂದು ಕೆಂಪು ಎಳೆ ಹೊರಟು, ಗಾಳಿಯಲ್ಲಿ ತೇಲುತ್ತ ಬೆಟ್ಟದ ಕಡೆಗೆ ಹೋಗುತ್ತಿತ್ತು. ಬೆರಳಿನಿಂದ ಮುಟ್ಟಿದ. ಬೆಚ್ಚಗಿತ್ತು. ಎಳೆಗೂಸಿನ ಮೈಯ ವಾಸನೆ ಬಂತು. ಆ ಎಳೆಗಳನ್ನೇ ನೋಡುತ್ತ ಅವನು ಬೆಟ್ಟ ಹತ್ತಿದ.

ಬೆಟ್ಟದ ಮೊದಲ ತಿರುವಿನಲ್ಲಿ ಒಂದು ಕರಡಿ ದಾರಿಗಡ್ಡ ಕೂತಿತ್ತು. ಎತ್ತಿನಗಾಡಿಯಷ್ಟು ದೊಡ್ಡದು. ಮಾಂತ್ರಿಕ ಅದಕ್ಕೆ ಮಾತು ಕೊಟ್ಟು ಕಾವಲಿಗೆ ಕೂರಿಸಿದ್ದ.

“ಎಲ್ಲಿಗೆ?”

“ಮೇಲಕ್ಕೆ.”

“ಮೇಲಕ್ಕೆ ಹೋಗಬೇಕಾದರೆ ನನ್ನ ಮರಿಯನ್ನು ಮಲಗಿಸು. ಅದು ಸುಖವಾಗಿ ಮಲಗಿದರೆ ದಾರಿ ನಿನಗೆ. ಮಲಗದಿದ್ದರೆ ನೀನು ನನಗೆ.”

ಬಂಡೆಯ ಪಕ್ಕದಲ್ಲಿ ಮರಿಕರಡಿ ಒಣಗಿದೆಲೆಗಳ ರಾಶಿಯಡಿ ಮಲಗಿ ಕುಂಯ್ ಎನ್ನುತ್ತಿತ್ತು. ಹಂಪಣ್ಣ ಬೆಳ್ಮಂಜಿನವನಲ್ಲವೇ? ಮೊದಲು ಅದರ ಪಂಜ ಮುಟ್ಟಿದ. ತಣ್ಣಗಿತ್ತು. “ಅಯ್ಯೋ ಪಾಪ” ಎಂದು ತನ್ನ ಕಂಬಳಿ ಹೊದಿಸಿದ. ಮರಿ ಇನ್ನೂ ಜೋರಾಗಿ ಕೂಗಿತು. ರುಮಾಲು ಬಿಚ್ಚಿ ಅದನ್ನೂ ಹೊದಿಸಿದ. ಮರಿ ಅವನ ಮೂಗು ಕಚ್ಚಿತು.

ಕರಡಿ ತುಟಿ ಸವರಿಕೊಂಡಿತು. “ಸಾಮಾನ್ಯವಾಗಿ ಎಲ್ಲರೂ ರುಮಾಲಿನವರೆಗೆ ಬರುತ್ತಾರೆ. ಆಮೇಲೆ ನಾನು ಊಟಕ್ಕೆ ಕೂರುತ್ತೇನೆ.”

ಮೂಗು ಬಿಡಿಸಿಕೊಳ್ಳಲು ಹಂಪಣ್ಣ ಮರಿಯ ಕತ್ತಿನ ಹಿಂಭಾಗಕ್ಕೆ ಕೈ ಹಾಕಿದ. ಅಲ್ಲಿ ರೋಮವೆಲ್ಲ ತೊಯ್ದು ತೊಪ್ಪೆಯಾಗಿತ್ತು. ಬೆವರು. ಅವನು ಮತ್ತೆ ಪಂಜ ಮುಟ್ಟಿದ. ತಣ್ಣಗೆ. ಮತ್ತೆ ಕತ್ತು. ಬಿಸಿ, ಒದ್ದೆ. ಪಂಜ ಒಂದು ಹೇಳುತ್ತಿದೆ, ಕತ್ತು ಇನ್ನೊಂದು ಹೇಳುತ್ತಿದೆ. ಇಬ್ಬರಲ್ಲಿ ಸುಳ್ಳುಗಾರ ಯಾರು ಎಂದು ಪತ್ತೆ ಹಚ್ಚುವುದು ಅವನಿಗೆ ಕಷ್ಟವಾಗಲಿಲ್ಲ, ಕಸುಬಿನವನಲ್ಲವೇ.

“ಕರಡಿಯವ್ವಾ, ನಿನ್ನ ಮರಿಗೆ ಚಳಿಯಿಲ್ಲ. ಅದು ಬೇಯುತ್ತಿದೆ,” ಎಂದು ರುಮಾಲು ತೆಗೆದ, ಕಂಬಳಿ ತೆಗೆದ. ಎಲೆಗಳನ್ನು ಹೇರಿದ್ದ ಕರಡಿಯೇ ಅವನು ಹೇಳಿದಂತೆ ಎಲೆಗಳನ್ನು ತೆಗೆಯಿತು. ಒದ್ದೆ ಕತ್ತನ್ನು ಹಂಪಣ್ಣ ಒಣ ಬಟ್ಟೆಯಿಂದ ಒರೆಸಿದ. ಮರಿ ಒಂದು ಆಕಳಿಕೆ ತೆಗೆದು ನಿದ್ದೆ ಹೋಯಿತು.

ಕರಡಿ ತನ್ನ ಪಂಜವನ್ನು ಮರಿಯ ಕತ್ತಿನ ಹಿಂದೆ ಇಟ್ಟು ನೋಡಿತು. ಆಮೇಲೆ ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ಗಂಡಭೇರುಂಡ ಕೂತಿತ್ತು. ಒಂದೇ ಮೈ, ಎರಡು ತಲೆ. ಅದರ ಹಿಂದೆ ದೊಡ್ಡ ಗೂಡು.

“ಮೇಲಕ್ಕೆ ಹೋಗಬೇಕಾದರೆ ನಮ್ಮ ಮರಿಯನ್ನು ಮಲಗಿಸು,” ಎಂದಿತು ಎಡದ ತಲೆ.

“ನನ್ನ ಮರಿಯನ್ನು,” ಎಂದಿತು ಬಲದ ತಲೆ.

“ಮೊಟ್ಟೆಯಿಟ್ಟಾಗ ನೀನು ನಿದ್ದೆ ಮಾಡುತ್ತಿದ್ದೆ.”

“ಕಾವು ಕೂತವಳು ನಾನು.”

“ಕೂತದ್ದು ಹೊಟ್ಟೆ. ನಿನ್ನದೇನು ಅದರಲ್ಲಿ?”

ಹಂಪಣ್ಣ ಅವುಗಳನ್ನು ಜಗಳಕ್ಕೆ ಬಿಟ್ಟು ಗೂಡಿನೊಳಗೆ ಇಣುಕಿದ. ಎಡದ ತಲೆ ಬೂರುಗದ ಹತ್ತಿ ತಂದು ತುಂಬಿತ್ತು. ಅದನ್ನು ನೋಡಿ ಬಲದ ತಲೆ ರೇಷ್ಮೆಯ ಚಿಂದಿಗಳನ್ನು ತಂದು ತುಂಬಿತ್ತು. ಅದಕ್ಕೆ ಎದುರಾಗಿ ನವಿಲುಗರಿ, ಇದಕ್ಕೆ ಎದುರಾಗಿ ದಿಂಬು. ಆ ಮೆತ್ತೆಯ ನಡುವೆಲ್ಲೋ ಮರಿ ಬೋರಲು ಬಿದ್ದಿತ್ತು. ಕೊಕ್ಕು ಹತ್ತಿಯಲ್ಲಿ ಹೂತುಹೋಗಿ ಸುಂಯ್ ಸುಂಯ್ ಎಂದು ಎಳೆದುಕೊಳ್ಳುವ ಸದ್ದು ಮಾತ್ರ ಬರುತ್ತಿತ್ತು.

“ಎಡಗಡೆಯವರೇ, ನೀವು ತಂದದ್ದನ್ನು ನೀವು ತೆಗೆಯಿರಿ. ಬಲಗಡೆಯವರೇ, ನಿಮ್ಮದನ್ನು ನೀವು.”

“ಅವಳು ಮೊದಲು,” ಎಂದವು ಎರಡೂ ಒಟ್ಟಿಗೆ.

“ಯಾರು ಮೊದಲು ತೆಗೆದು ಮುಗಿಸುತ್ತಾರೋ ಅವರದೇ ಮರಿ ಎಂದು ನಾನು ಊರಲ್ಲೆಲ್ಲ ಹೇಳುತ್ತೇನೆ.”

ಗರಿ ಹಾರಿತು, ಹತ್ತಿ ಹಾರಿತು, ದಿಂಬು ಹಾರಿ ಹಂಪಣ್ಣನ ತಲೆಗೆ ಬಡಿಯಿತು. ಕೊನೆಗೆ ಗೂಡಿನಲ್ಲಿ ಬಿಗಿಯಾಗಿ ಹೆಣೆದ ಕಡ್ಡಿಯ ತಳವಷ್ಟೇ ಉಳಿಯಿತು. ಅದರ ಮೇಲೆ ಒಂದು ಪದರ ಬಟ್ಟೆಯನ್ನು ಸುಕ್ಕಿಲ್ಲದೆ ಎಳೆದು ಹಾಸಿ, ಮರಿಯನ್ನು ಅಂಗಾತ ಮಲಗಿಸಿದರು. ಮುಖದ ಹತ್ತಿರ ಗರಿಯಿಲ್ಲ, ಚಿಂದಿಯಿಲ್ಲ. ಸುಂಯ್ ಸದ್ದು ನಿಂತಿತು. ಮರಿಯ ಹೊಟ್ಟೆ ಮೆಲ್ಲಗೆ ಏರಿ ಇಳಿಯತೊಡಗಿತು. ಎರಡು ತಲೆಗಳೂ ಒಂದರ ಪಕ್ಕ ಒಂದು ಬಾಗಿ ಅದನ್ನೇ ನೋಡುತ್ತ ಕೂತವು. ಹಂಪಣ್ಣ ಪಕ್ಕದಿಂದ ನುಸುಳಿ ಹೋದದ್ದು ಎರಡಕ್ಕೂ ಗೊತ್ತಾಗಲಿಲ್ಲ.

ಮೂರನೆಯ ತಿರುವಿನಲ್ಲಿ ಯಾಳಿ. ಸಿಂಹದ ಮೈ, ಆನೆಯ ಸೊಂಡಿಲು, ಬಾಯಲ್ಲಿ ಬೆಂಕಿ. ಅದು ಒಂದು ಕಲ್ಲುಕೋಣೆಯ ಬಾಗಿಲಿಗೆ ಬಂಡೆ ಮುಚ್ಚಿ, ಬಂಡೆಯ ಬಿರುಕಿನಿಂದ ಒಳಕ್ಕೆ ಬೆಂಕಿ ಊದುತ್ತಿತ್ತು. ಒಳಗಿಂದ ಕೆಮ್ಮು ಕೇಳುತ್ತಿತ್ತು.

“ಮೇಲಕ್ಕೆ ಹೋಗಬೇಕಾದರೆ...”

“ಗೊತ್ತು ತಾಯಿ. ಬಂಡೆ ಸರಿಸು.”

ಬಂಡೆ ಸರಿಸಿದರೆ ಹೊಗೆ ಕಪ್ಪು ಎಮ್ಮೆಯ ಹಾಗೆ ಹೊರಗೆ ನುಗ್ಗಿತು. ಒಳಗೆ ಮರಿಯಾಳಿ ಕಣ್ಣುಜ್ಜುತ್ತ, ಕೆಮ್ಮುತ್ತ ಕೂತಿತ್ತು. ಹಂಪಣ್ಣ ಎರಡು ಮರಿ ಮಲಗಿಸಿ ಬಂದವನು. ಈಗ ಅವನಿಗೆ ಎಲ್ಲವೂ ಗೊತ್ತಿತ್ತು. ದೊಡ್ಡ ವೈದ್ಯನ ಹಾಗೆ, “ಬೆಂಕಿ ನಿಲ್ಲಿಸು. ಬಾಗಿಲು ತೆರೆದಿರಲಿ. ಹೊದಿಕೆ ಏನೂ ಬೇಡ,” ಎಂದು ಹೇಳಿ ಮರಿಯನ್ನು ಅಂಗಾತ ಮಲಗಿಸಿ ಕೈ ಕೊಡವಿಕೊಂಡ.

ಹೊಗೆ ಹೋಯಿತು. ಕೆಮ್ಮು ನಿಂತಿತು. ಬೆಟ್ಟದ ಗಾಳಿ ಒಳಗೆ ಬಂತು. ಸ್ವಲ್ಪ ಹೊತ್ತಿಗೆ ಮರಿ ನಡುಗಲಾರಂಭಿಸಿತು. ಹಂಪಣ್ಣ ಕತ್ತಿನ ಹಿಂದೆ ಕೈಯಿಟ್ಟ. ಕಲ್ಲಿನಷ್ಟು ತಣ್ಣಗಿತ್ತು. ಎದೆ ಮುಟ್ಟಿದ. ಅದೂ ತಣ್ಣಗೆ. ಇದು ನಿಜವಾದ ಚಳಿ. ಅವನ ಕೈಕಾಲು ಕೂಡ ತಣ್ಣಗಾದವು, ಬೇರೆ ಕಾರಣಕ್ಕೆ.

“ತಾಯೀ, ಇದನ್ನು ಎದೆಗೆ ಹಾಕಿಕೋ,” ಎಂದ.

ಯಾಳಿ ಹಿಂದೆ ಸರಿಯಿತು. “ನಾನು ಹೇಗೆ ಎತ್ತಿಕೊಳ್ಳಲಿ? ನನ್ನ ಬಾಯಲ್ಲಿ ಬೆಂಕಿ. ಸುಟ್ಟುಹೋದೀತು ಅಂತ ಹುಟ್ಟಿದಾಗಿನಿಂದ ಮುಟ್ಟೇ ಇಲ್ಲ.”

“ಬೆಂಕಿ ಬಾಯಲ್ಲಿದೆ, ಎದೆಯಲ್ಲಿಲ್ಲ. ಮುಖ ಆ ಕಡೆ ತಿರುಗಿಸಿ ಕೂತುಕೋ. ನಾನಿದ್ದೇನೆ.”

ಯಾಳಿ ಮುಖವನ್ನು ಕಣಿವೆಯ ಕಡೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ಕೂತಿತು. ಹಂಪಣ್ಣ ಮರಿಯನ್ನು ಅದರ ಬರಿ ಎದೆಗೆ ಆನಿಸಿ ಮೇಲೊಂದು ಬಟ್ಟೆ ಹಾಕಿದ. ಮರಿಯ ನಡುಕ ನಿಧಾನವಾಗಿ ಇಳಿಯಿತು. ಕತ್ತಿನ ಹಿಂದೆ ಬೆವರೂ ಇಲ್ಲ, ಚಳಿಯೂ ಇಲ್ಲ; ಆಗಷ್ಟೇ ಕರೆದ ಹಾಲಿನ ಚೊಂಬನ್ನು ಹೊರಗಿನಿಂದ ಮುಟ್ಟಿದಷ್ಟು ಬಿಸಿ. ಆಮೇಲೆ ಹಂಪಣ್ಣ ಹಾಕಿದ್ದ ಬಟ್ಟೆಯನ್ನು ಅವನೇ ತೆಗೆದ ಮೇಲೆ, ಹೊಗೆ ಆರಿದ ಕೋಣೆಯಲ್ಲಿ, ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿ ಮಲಗಿಸಿ, ತೆಳುವಾದ ಒಂದೇ ಹೊದಿಕೆಯನ್ನು ಎದೆಯ ಮಟ್ಟಕ್ಕೆ ಹೊದಿಸಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರು. ಹೊದಿಸಿದ್ದು ಯಾಳಿ. ಹಂಪಣ್ಣ ಬೇಕೆಂದೇ ಅದರ ಕೈಯಿಂದಲೇ ಹಾಕಿಸಿದ. ಇಲ್ಲದಿದ್ದರೆ ತೆಗೆಯಲು ನಾಳೆ ಅವನೇ ಬೆಟ್ಟ ಹತ್ತಬೇಕಿತ್ತು.

“ಹೋಗು,” ಎಂದಿತು ಯಾಳಿ. ಮುಖ ಇನ್ನೂ ಕಣಿವೆಯ ಕಡೆಗೇ ಇತ್ತು. ಅಳುತ್ತಿತ್ತೆಂದು ನನ್ನ ಊಹೆ. ಬೆಂಕಿಯುಗುಳುವವರ ಕಣ್ಣೀರು ಹೊರಬರುವ ಮುಂಚೆಯೇ ಆರಿಹೋಗುತ್ತದೆ, ಹಾಗಾಗಿ ಸಾಕ್ಷಿಯಿಲ್ಲ.

ಬೆಟ್ಟದ ತುದಿಯಲ್ಲಿ ಗವಿ. ಒಳಗೆ ಕುಳಿರ್ಗಣ್ಣ ಒಂದು ರಾಟೆಯ ಮುಂದೆ ಕೂತಿದ್ದ. ಊರಿನಿಂದ ಬಂದ ಕೆಂಪು ಎಳೆಗಳನ್ನೆಲ್ಲ ನೂತು, ಆ ನೂಲನ್ನು ಮೈಗೆ ಸುತ್ತಿಕೊಳ್ಳುತ್ತಿದ್ದ. ಸುತ್ತಿದಷ್ಟೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಗಡ್ಡದಲ್ಲಿ ಮಂಜು ಕಟ್ಟಿತ್ತು.

“ಸ್ವಾಮಿ, ನೀವು ಹೊದಿಸಿದ ಕಂಬಳಿಗಳನ್ನು ಬಂದು ತೆಗೆಯಬೇಕು. ನನ್ನ ಅಕ್ಕನ ಕೂಸು ಸಾಯುತ್ತಿದೆ,” ಎಂದ ಹಂಪಣ್ಣ.

“ತೆಗೆದರೆ ನನ್ನ ಗತಿ?” ಎಂದ ಕುಳಿರ್ಗಣ್ಣ. “ಈ ವಿದ್ಯೆ ಕಲಿತ ದಿನದಿಂದ ನನ್ನ ಮೂಳೆಯೊಳಗೆ ಚಳಿ ಹೊಕ್ಕಿದೆ. ನಾನೇ ಹೊದ್ದುಕೊಂಡ ಹೊದಿಕೆ ನನಗೆ ಬಿಸಿ ಕೊಡುವುದಿಲ್ಲ. ಅದು ಈ ವಿದ್ಯೆಯ ಶಾಪ. ಕೂಸುಗಳ ಈ ಕಾವೂ ಇಲ್ಲದಿದ್ದರೆ ಹೆಪ್ಪುಗಟ್ಟಿಯೇ ಹೋಗುತ್ತೇನೆ.”

“ಬೇರೆಯವರು ಹೊದಿಸಿದರೆ?”

“ಬೇರೆಯವರು,” ಎಂದು ಮಾಂತ್ರಿಕ ನಕ್ಕ. ನಗುವಿನಿಂದ ಮಂಜಿನ ಚೂರುಗಳು ಉದುರಿದವು. “ಈ ಗವಿಗೆ ಇಷ್ಟು ವರ್ಷದಲ್ಲಿ ಯಾರು ಬಂದಿದ್ದಾರೆ? ಬಂದವರನ್ನು ಕರಡಿ ತಿಂದಿದೆ. ಹೋಗಪ್ಪ. ಕೂಸುಗಳ ಕಾವು ಮುಗಿಯಲಿ, ಆಮೇಲೆ ಕಂಬಳಿಗಳನ್ನು ನಾನೇ ಬಂದು ಒಯ್ಯುತ್ತೇನೆ.”

ಹಂಪಣ್ಣ ಜಗಳವಾಡಲಿಲ್ಲ. ಬೇಡಿಕೊಳ್ಳಲೂ ಇಲ್ಲ. ಸೂರ್ಯ ನೆತ್ತಿಯಿಂದ ಇಳಿದಿದ್ದ. ಅವನು ತಿರುಗಿ ಬೆಟ್ಟದಿಂದ ಕೆಳಕ್ಕೆ ಓಡಿದ. ಓಡುತ್ತ ದಾರಿಯಲ್ಲಿ ಕಾವಲಿನ ಮೂವರಿಗೂ, “ಇನ್ನು ಸ್ವಲ್ಪ ಹೊತ್ತಿಗೆ ನಮ್ಮೂರಿನವರು ಬರುತ್ತಾರೆ. ಮರಿಗಳಿಗೆ ಮಾತ್ರ ಏನೂ ಹೊದಿಸಲು ಬಿಡಬೇಡಿ,” ಎಂದು ಹೇಳಿದ.

ಊರಿನ ನಡುವಿನ ಕಟ್ಟೆಯ ಮೇಲೆ ಸಾತಜ್ಜಿ ಮತ್ತಿತರ ಅಜ್ಜಿಯರು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದರು. ಹಂಪಣ್ಣ ಅಲ್ಲಿ ಹೋಗಿ ಸುಮ್ಮನೆ ಕೂತ. ಒಂದು ನಿಟ್ಟುಸಿರು ಬಿಟ್ಟ.

“ಏನಾಯ್ತೋ?” ಎಂದಳು ಸಾತಜ್ಜಿ.

“ಏನಿಲ್ಲ ಅಜ್ಜಿ. ಮೇಲೆ ಗವಿಗೆ ಹೋಗಿದ್ದೆ. ಆ ಕಂಬಳಿ ಮುದುಕ ಒಬ್ಬನೇ ಇದ್ದಾನೆ. ನಡುಗುತ್ತಿದ್ದಾನೆ.”

ಅಜ್ಜಿಯರೆಲ್ಲ ಅವನತ್ತ ತಿರುಗಿದರು.

“ಹೊದಿಕೆ ಇಲ್ಲವೇನೋ?”

“ಇಷ್ಟು ವರ್ಷದಲ್ಲಿ ಒಬ್ಬರೂ ಹೋಗಿ ಹೊದಿಸಿಲ್ಲವಂತೆ.”

ಹಂಪಣ್ಣ ಆ ದಿನ ಕಟ್ಟೆಯ ಮೇಲೆ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕೂಸುಗಳ ವಿಷಯದಲ್ಲಿ ಅವನನ್ನು ನಂಬದ ಜನ ಇದನ್ನು ತಕ್ಷಣ ನಂಬಿದರು. ಎಲ್ಲೋ ಒಬ್ಬರಿಗೆ ಚಳಿಯಾಗುತ್ತಿದೆ ಎಂಬುದನ್ನು ಬೆಳ್ಮಂಜಿನವರು ಯಾರು ಹೇಳಿದರೂ ನಂಬುತ್ತಿದ್ದರು. ಸಾತಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಮ್ಮ ಕೂಸುಗಳಿಗೆಲ್ಲ ಹೊದಿಸಿದ ಮಹಾನುಭಾವ ಅವನು. ಅವನಿಗೆ ನಾವು ಹೊದಿಸಿಲ್ಲ ಅಂದರೆ ಮುಖ ಎಲ್ಲಿಡೋಣ?”

ನೀವು ನಂಬುವುದಿಲ್ಲ, ಮೊಣಕಾಲು ನೋವಿನ ಅಜ್ಜಿಯರು ಮೇಕೆಗಳ ಹಾಗೆ ಬೆಟ್ಟ ಹತ್ತಿದರು. ಹಿಂದೆ ಗಂಡಸರು, ಸೊಸೆಯಂದಿರು, ಅರಮನೆಯ ದಾದಿಯರು. ಪ್ರತಿಯೊಬ್ಬರ ತಲೆಯ ಮೇಲೂ ಒಂದೊಂದು ಗಂಟು. ದೊರೆ ಗುಮ್ಮರಸ ಕೂಡ ಜರಿಯಂಚಿನ ಶಾಲು ಹಿಡಿದು ಏದುಸಿರು ಬಿಡುತ್ತ ಬಂದ. ಕರಡಿ, ಗಂಡಭೇರುಂಡ, ಯಾಳಿ ಮೂರೂ ತಂತಮ್ಮ ಮರಿಗಳನ್ನು ಮರೆಮಾಡಿಕೊಂಡು ದಾರಿ ಬಿಟ್ಟವು.

ಕುಳಿರ್ಗಣ್ಣ ತಲೆಯೆತ್ತಿ ನೋಡುವಷ್ಟರಲ್ಲಿ ಸಾತಜ್ಜಿ ಎದುರಿಗೆ ನಿಂತಿದ್ದಳು.

“ಅಯ್ಯೋ ಪಾಪ, ಎಷ್ಟು ಚಳಿಯೋ ನಿಂಗೆ,” ಎಂದು ಕೌದಿ ಹೊದಿಸಿದಳು.

ಮಾಂತ್ರಿಕನ ಹಲ್ಲಿನ ಕಟಕಟ ನಿಂತಿತು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವನ ಬೆನ್ನು ಬೆಚ್ಚಗಾಯಿತು. ಅವನು ಕಣ್ಣು ಮುಚ್ಚಿದ. ಮುಖದ ಮೇಲೆ ಒಂದು ನಗು ಬಂತು. ಅಷ್ಟಕ್ಕೇ ನಿಂತಿದ್ದರೆ ಅವನಿಗೆ ಬಹಳ ಚೆನ್ನಾಗಿತ್ತು. ಆದರೆ ಸಾತಜ್ಜಿಯ ಹಿಂದೆ ಊರೇ ಇತ್ತು.

“ಅಯ್ಯೋ ಪಾಪ.” ಇನ್ನೊಂದು ಕೌದಿ. “ಅಯ್ಯೋ ಪಾಪ.” ಒಂದು ಕಂಬಳಿ. “ಅಯ್ಯೋ ಪಾಪ, ಕಾಲು ನೋಡಿ, ತಣ್ಣಗಿದೆ.” ಮತ್ತೊಂದು. ರಾಶಿ ಬೆಳೆಯಿತು. ಮಾಂತ್ರಿಕನ ಗಡ್ಡದ ಮಂಜು ಕರಗಿ ಹರಿಯಿತು.

“ಸಾಕು,” ಎಂದ.

“ಸಂಕೋಚ ಪಡಬೇಡ,” ಎಂದು ದೊರೆ ಶಾಲು ಹೊದಿಸಿದ.

“ಸಾಕು, ಬೆವರುತ್ತಿದ್ದೇನೆ.”

“ಚಳಿಜ್ವರ ಬಿಡುವಾಗ ಹಾಗೇ ಆಗುತ್ತೆ,” ಎಂದು ಯಾರೋ ಇನ್ನೆರಡು ಹಾಕಿದರು.

ಕುಳಿರ್ಗಣ್ಣ ಮಂತ್ರ ಹೇಳಲು ಬಾಯಿ ತೆರೆದ. ಮಂತ್ರ ಬರಲಿಲ್ಲ. ಅವನು ಕಲಿತಿದ್ದ ವಿದ್ಯೆಯೆಲ್ಲ ಬೆವರಾಗಿ ಇಳಿದು, ಕಪ್ಪು ನೀರಾಗಿ ಗವಿಯ ನೆಲದ ಮೇಲೆ ಹರಿದು ಹೋಗುತ್ತಿತ್ತು. ಅವನು ಹೊದಿಕೆಗಳನ್ನು ಕಿತ್ತೊಗೆಯಲು ನೋಡಿದ. ಒಂದೂ ಅಲುಗಲಿಲ್ಲ. ಹೊದಿಸಿದ ಕೈಗಳು ಬೇರೆ.

ಹಂಪಣ್ಣ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. “ಸ್ವಾಮಿ, ಹೇಗಿದೆ?”

“ಬೇಯುತ್ತಿದ್ದೇನಪ್ಪ. ಉಸಿರು ಕಟ್ಟುತ್ತಿದೆ. ಇವರಿಗೆ ಹೇಳು, ತೆಗೆಯಲಿ.”

“ಕಾಲು ತಣ್ಣಗಿದೆಯಂತಲ್ಲ ಸ್ವಾಮಿ?”

“ಕಾಲಿನ ಮನೆ ಹಾಳಾಗಲಿ. ಒಳಗೆ ಬೆಂಕಿ.”

ಆ ಮಾತು ಕೇಳಿ ಸ್ವಲ್ಪ ಹಿಂದೆ ನಿಂತಿದ್ದ ಸಾತಜ್ಜಿಯ ಕೈಯಲ್ಲಿದ್ದ ಎರಡನೆಯ ಕೌದಿ ಅಲ್ಲೇ ನಿಂತಿತು. ಅವಳ ಮುಖ ಬಿಳಿಚಿತು. “ಹಂಪ,” ಎಂದಳು ಮೆಲ್ಲಗೆ, “ಬೆಳಿಗ್ಗೆ ನಾನು ನಿಮ್ಮ ಕೂಸಿಗೆ...”

“ಹೂಂ ಅಜ್ಜಿ. ಅದಕ್ಕೆ ಹೇಳಲು ಬಾಯಿಲ್ಲ, ಅಷ್ಟೇ.” ಆಮೇಲೆ ರಾಶಿಯ ಕಡೆಗೆ ತಿರುಗಿದ. “ಸ್ವಾಮಿ, ನಿಮ್ಮವನ್ನು ನೀವು ತೆಗೆಯಿರಿ. ಇವರವನ್ನು ಇವರು ತೆಗೆಯುತ್ತಾರೆ.”

ಕರಡಿಯ ಬೆನ್ನ ಮೇಲೆ ಮಾಂತ್ರಿಕನನ್ನು ಕಟ್ಟಿ ಕೆಳಗಿಳಿಸಿದರು. ದೂರದಿಂದ ನೋಡಿದರೆ ಒಂದು ಬಟ್ಟೆಯ ಗುಡ್ಡಕ್ಕೆ ಕಾಲು ಬಂದ ಹಾಗಿತ್ತು. ಆ ಗುಡ್ಡದಿಂದ ಒಂದು ಬಡಕಲು ಕೈ ಮಾತ್ರ ಹೊರಗೆ ಚಾಚಿತ್ತು.

“ಅರಮನೆ ಮೊದಲು,” ಎಂದ ದೊರೆ. ಈಗ ಅವನ ಕಣ್ಣಿನ ನಿದ್ದೆ ಹಾರಿಹೋಗಿತ್ತು.

“ಹತ್ತಿರದ ಮನೆ ಮೊದಲು,” ಎಂದು ಹಂಪಣ್ಣ ಕರಡಿಯ ಕಿವಿ ಹಿಡಿದು ಅಕ್ಕನ ಮನೆಯತ್ತ ತಿರುಗಿಸಿದ. ನಿಜ ಹೇಳಬೇಕೆಂದರೆ ಅರಮನೆಯೇ ಹತ್ತಿರವಿತ್ತು.

ಬಿಸಿಲು ಗೋಡೆಯ ತುದಿಗೆ ಏರಿತ್ತು. ಸಾತಜ್ಜಿ ಮುಂದೆ ಓಡಿ ತಾನು ಬೆಳಿಗ್ಗೆ ಹೊದಿಸಿದ್ದನ್ನು ತೆಗೆದಳು. ಬಡಕಲು ಕೈ ತೊಟ್ಟಿಲೊಳಗೆ ಇಳಿದು ಇಲಿಬಣ್ಣದ ಕಂಬಳಿಯ ಅಂಚು ಹಿಡಿಯಿತು. ಅದು ಸುಲಭವಾಗಿ ಎದ್ದುಬಂತು. ಒಳಗಿಂದ ಬಿಸಿ ಹಬೆ ಎದ್ದಿತು. ನೀಲವ್ವ ಕೂಸನ್ನು ಎತ್ತಿಕೊಂಡು, ತೊಯ್ದ ಅಂಗಿ ತೆಗೆದು, ಮೈ ಒರೆಸಿದಳು. ಕೂಸು ಏಳಲಿಲ್ಲ.

ಕರಡಿ ಬಾಗಿಲಲ್ಲಿ ಉಸಿರು ಹಿಡಿದು ನಿಂತಿತ್ತು. ಹಂಪಣ್ಣ ಕೂಸಿನ ಕತ್ತಿನ ಹಿಂದೆ ಅಂಗೈ ಇಟ್ಟ. ಬಿಸಿ. ಇನ್ನೂ ಬಿಸಿ. ಆಮೇಲೆ ಸ್ವಲ್ಪ ಕಡಿಮೆ. ಆಮೇಲೆ ಹಾಲಿನ ಚೊಂಬಿನಷ್ಟು. ಕೂಸು ಮೂಗು ಸೊಟ್ಟ ಮಾಡಿತು. ಒಂದು ಕಾಲು ಒದೆಯಿತು. ಬಾಯಿ ತೆರೆದು, ಇಡೀ ಕೇರಿಯ ಹಂಚು ಅಲುಗುವ ಹಾಗೆ ಅತ್ತಿತು.

ನೀಲವ್ವ ಗೋಡೆಗೆ ಒರಗಿ ಕೂತು ಅದನ್ನು ಎದೆಗೆ ಹಚ್ಚಿಕೊಂಡಳು. ಅಳು ನಿಂತು, ಗುಟುಕು ಗುಟುಕು ಸದ್ದು ಕೇಳತೊಡಗಿತು. ಆಗ ಅವಳು ಅತ್ತಳು.

ಹೊತ್ತು ಮುಳುಗುವ ಮುಂಚೆ ಊರಿನ ಪ್ರತಿ ತೊಟ್ಟಿಲಿನ ಕಂಬಳಿಯೂ ತೆಗೆದಾಯಿತು. ಪ್ರತಿ ಮನೆಯಿಂದಲೂ ಅಳು ಎದ್ದಿತು. ಅರಮನೆಯದು ಎಲ್ಲಕ್ಕಿಂತ ಜೋರು. ದೊರೆ ಗುಮ್ಮರಸ ಆ ಅಳು ಕೇಳುತ್ತ ಮೆಟ್ಟಿಲ ಮೇಲೆ ಕೂತು ನಕ್ಕ. ಜನ ತಂತಮ್ಮ ಕೌದಿಗಳನ್ನು ಮಾಂತ್ರಿಕನ ಮೇಲಿಂದ ತೆಗೆದರು. ಕೊನೆಗೆ ನೀಲವ್ವ ಕೂಸನ್ನು ತಮ್ಮನ ಕೈಗೆ ಕೊಟ್ಟು ಬಂದು, ತನ್ನದೊಂದು ತೆಳ್ಳನೆಯ ಹತ್ತಿಯ ಹೊದಿಕೆಯನ್ನು ಅವನಿಗೆ ಹೊದಿಸಿದಳು. ಯಾಕೆ ಎಂದು ಕೇಳಿದವರಿಗೆ, “ಅವನಿಗೆ ತಾನೇ ಹೊದ್ದರೆ ಬಿಸಿಯಾಗೋದಿಲ್ಲವಂತೆ” ಎಂದಳು. ವಿದ್ಯೆಯಿಲ್ಲದ ಕುಳಿರ್ಗಣ್ಣ ಅದರಡಿ ಮಲಗಿ ಮರುದಿನ ಮಧ್ಯಾಹ್ನದವರೆಗೆ ಗೊರಕೆ ಹೊಡೆದ. ಮುಂದೆ ಅವನು ಅದೇ ಊರಿನಲ್ಲಿ ತೊಟ್ಟಿಲು ತೂಗುವ ಕೆಲಸಕ್ಕೆ ನಿಂತ. ಹಾಡು ಬರುತ್ತಿರಲಿಲ್ಲ. ಆದರೂ ಕೂಸುಗಳು ಅವನನ್ನು ಒಪ್ಪಿಕೊಂಡವು.

ಹೆಸರಿಡುವ ದಿನ ಇಡೀ ಬೆಳ್ಮಂಜು ನೀಲವ್ವನ ಮನೆಗೆ ಬಂತು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಅಷ್ಟು ಬೇಗ ಬದಲಾಗುವ ಜನ ಅವರಲ್ಲ. ಸಾತಜ್ಜಿ ಹೊಸ ಕೌದಿಯೊಂದನ್ನು ಹೊಲಿದು ತಂದಿದ್ದಳು. ತೊಟ್ಟಿಲ ಹತ್ತಿರ ನಿಂತು, “ಅಯ್ಯೋ ಪಾಪ, ಕೂಸಿಗೆ...” ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಕೂಸಿನ ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ಆ ಹೊಸ ಕೌದಿಯನ್ನು ಮಡಿಸಿ, ನೆಲಕ್ಕೆ ಹಾಕಿ, ಅದರ ಮೇಲೆ ತಾನೇ ಆರಾಮಾಗಿ ಕೂತು, “ಎಲೆಯಡಿಕೆ ತಾರೇ ನೀಲವ್ವ” ಎಂದಳು.